ರಾಜಿಯಾದ ಎರಡು ಕೈಗಳು

ಅತ್ತಿಗೆ,

ನಿಮ್ಮ ತಮ್ಮನ ಬಲಗೈ ಹಾಕಿದ ಗುಂಡಿಯನ್ನು ಎಡಗೈ ಬಿಚ್ಚುತ್ತಿತ್ತಲ್ಲ, ಆ ಜಗಳ ರಾಜಿಯಾಯಿತು! ಇವತ್ತು ಇಲ್ಲಿಯ ಆಸ್ಪತ್ರೆಯಲ್ಲಿ ತಲೆಗೆಲ್ಲ ವಯರು ಅಂಟಿಸಿ, ಮಿದುಳಿನ ಅಲೆಗಳನ್ನು ಪರದೆಯ ಮೇಲೆ ತೋರಿಸಿದರು. ಎಡಭಾಗದ್ದೂ ಬಲಭಾಗದ್ದೂ ಒಂದೇ ತಾಳಕ್ಕೆ ಏಳುತ್ತ ಬೀಳುತ್ತ ಓಡುತ್ತಿದ್ದವು.

“ಆವತ್ತು ತಲೆಗೆ ಬಿದ್ದ ಪೆಟ್ಟಿನಿಂದ ಎರಡೂ ಟೂ ಬಿಟ್ಟಿದ್ವು ಕಣಮ್ಮ, ಈಗ ಮಾತಾಡ್ತಿವೆ,” ಎಂದು ನರ್ಸ್ ನಕ್ಕರು.

ಇವರು ಎದ್ದವರೇ, “ನೀನು ಮುಟ್ಟಬೇಡ,” ಎಂದು ನನ್ನನ್ನು ಗದರಿ, ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡರು. ಎಲ್ಲವೂ ಒಂದೊಂದು ಕಾಜ ತಪ್ಪಿ ಕೂತಿದ್ದವು. ನಾನು ಸರಿಮಾಡಲಿಲ್ಲ, ಹಾಗೆಯೇ ಬೀದಿಯುದ್ದಕ್ಕೂ ಮೆರೆಸಿಕೊಂಡು ಬಂದೆ.

ಊಟ, ನಿದ್ದೆ ಸಲೀಸು. ಈ ಅಂಚೆ ಕಾರ್ಡು ತುಂಬಿತು. ಗುಂಡಿಯಿಲ್ಲದ ಜುಬ್ಬಾ ಹೊಲಿಯುವುದು ಬೇಡವೆಂದು ದರ್ಜಿಗೆ ಈಗಲೇ ಹೇಳಿಬಿಡಿ!

ನಿಮ್ಮ ತಮ್ಮನ ಹೆಂಡತಿ