ಬೋರ್‌ವೆಲ್ ಕೊರೆಯುವವರ ಮಗಳು

ಅಪ್ಪಾ,

ಇವತ್ತು ಬೆಳಿಗ್ಗೆ ಕಾಲೇಜಿನಲ್ಲಿ ನನ್ನ ಮುಖ್ಯ ವಿಷಯ ಆರಿಸಿ ಸಹಿ ಹಾಕಿದೆ. ಎರಡು ವರ್ಷದಿಂದ ನನ್ನ ಹೆಸರಿನ ಮುಂದೆ ‘ಇನ್ನೂ ನಿರ್ಧರಿಸಿಲ್ಲ’ ಎಂದು ಇದ್ದ ಜಾಗದಲ್ಲಿ ಈಗ ‘ಭೂವಿಜ್ಞಾನ’ ಎಂದಿದೆ. ಯಾವ ವಿಷಯ ಆರಿಸಿದೆ ಎಂದು ಪ್ರತಿ ಭಾನುವಾರ ನೀನು ಫೋನಿನಲ್ಲಿ ಕೇಳುತ್ತಿದ್ದೆ. ಉತ್ತರ ಸಿಗುವ ಹೊತ್ತಿಗೆ ನೀನು ಹೋಗಿ ಏಳು ತಿಂಗಳಾಗಿದೆ.

ಕಾಲೇಜಿನಲ್ಲಿ ಓದಿನ ಬಗ್ಗೆ ಸಲಹೆ ಕೊಡುವ ಮಾರ್ಗಿಟ್ ಮೇಡಂ ನಕ್ಕರು. “ಚಿತ್ರಕಲೆ ಆಯ್ತು, ಗಣಿತ ಆಯ್ತು, ಈಗ ಕಲ್ಲು ಮಣ್ಣಾ? ಯಾಕಮ್ಮ ಐಲಿ?”

“ನಮ್ಮಪ್ಪ ಡುಲೂತ್ ಊರಿನ ಸುತ್ತಮುತ್ತ ಬೋರ್‌ವೆಲ್ ಕೊರೀತಿದ್ರು ಮೇಡಂ. ಹಿಡಿ ಮಣ್ಣು ನೋಡಿ ನೀರು ಎಷ್ಟು ಆಳದಲ್ಲಿದೆ ಅಂತ ಹೇಳೋರು.”

“ಹಾಗಾದ್ರೆ ಅರ್ಧ ಪಾಠ ಮನೇಲೇ ಆಗಿದೆ ಬಿಡು.”

“ಇಲ್ಲ ಮೇಡಂ. ಪ್ರತಿ ಬೇಸಿಗೆ ಜೊತೆಗೆ ಬಾ ಅಂತ ಕರೀತಿದ್ರು. ನಾನೇ ಹೋಗ್ಲಿಲ್ಲ.”

ಅವರು ಪೆನ್ನು ಕೊಟ್ಟರು.

ಮೊದಲ ವರ್ಷ ಪೋಷಕರ ದಿನ ಗೆಳತಿಯರಿಗೆ ನಿನ್ನನ್ನು ಎಂಜಿನಿಯರ್ ಎಂದು ಪರಿಚಯಿಸಿದ್ದೆ. ನೀನು ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, ಎಲ್ಲರ ಕೈ ಕುಲುಕಿದೆ. ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಶನಿವಾರ ಟೊಯ್ವೊ ಚಿಕ್ಕಪ್ಪ ನನ್ನನ್ನು ಬೋರ್‌ವೆಲ್ ಕೊರೆಯುವ ಜಾಗಕ್ಕೆ ಕರೆದೊಯ್ಯುತ್ತಾರೆ. “ನಿಂಗೊಂದು ಜೊತೆ ಬೂಟು ಕೊಡಿಸ್ತೀನಿ ಕಣೇ” ಎಂದರು. ಬೇಡವೆಂದೆ. ನಿನ್ನವೇ ಇವೆ. ನನಗೆ ದೊಡ್ಡವು, ಎರಡೆರಡು ಕಾಲುಚೀಲ ಹಾಕಿಕೊಳ್ಳುತ್ತೇನೆ.

ಐಲಿ