ಹಳಬರ ಬಡ್ಡಿ

ಮಾರ್ಚ್ ೧೨, ಮಂಗಳವಾರ

ಒಂಬತ್ತು ವರ್ಷ ತಪ್ಪದೆ ಕಂತು ಕಟ್ಟಿದ ಅಕ್ಕನಿಗೆ ಮನೆಸಾಲದ ಬಡ್ಡಿ ಶೇಕಡ ಹನ್ನೊಂದು; ಅದೇ ಬ್ಯಾಂಕಿನಲ್ಲಿ ನಿನ್ನೆ ಬಂದವನಿಗೆ ಎಂಟೂವರೆ. ಇದು ಅನ್ಯಾಯ.

ಇಳಿಸಿ ಎಂದು ಕೇಳಲು ಇಂದು ಹೋದೆವು. ಅಕ್ಕ ಹೊಲಿಗೆಯವಳು. "ಸಂಬಳದ ಚೀಟಿ ಇಲ್ವಲ್ಲಮ್ಮಾ, ಬೇರೆ ಬ್ಯಾಂಕೂ ನಿಮ್ಮನ್ನ ತಗೊಳ್ಳಲ್ಲ," ಎಂದ ಸಾಲದ ಅಧಿಕಾರಿ. ನಾನು ನಮ್ಮ ಸಂಘದ ಕರಪತ್ರಕ್ಕೆ ಬರೆಯುವ ಹಾಗೆ ಶೋಷಣೆ, ಲೂಟಿ ಎಂದೆಲ್ಲ ಕೂಗಾಡಿದೆ. ಹೊರಗೆ ಬಂದು ಅಕ್ಕ ನನ್ನನ್ನೇ ಬೈದಳು: "ನಿನ್ನ ಕರಪತ್ರ ಅಲ್ಲಿ ಯಾಕೋ ಓದ್ದೆ? ಸಾಲ ಇರೋದು ನನ್ನ ತಲೆ ಮೇಲೆ."

ಹೌದು, ಅವಳ ತಲೆ ಮೇಲೆ. ಅದಕ್ಕೇ ನನಗಿನ್ನೂ ಉರಿಯುತ್ತಿದೆ.

ಊಟವಾದ ಮೇಲೆ ಅವಳೇ ಕೇಳಿದಳು: "ಎದುರಿನ ಬ್ಯಾಂಕಲ್ಲಿ ಚೀಟಿ ಬದಲು ತೆರಿಗೆ ಕಾಗದ ನಡೆಯುತ್ತೆ ಅಂದ್ಯಲ್ಲ, ನಿಜಾನಾ?"

"ನಿಜ ಕಣೇ. ಸಾಲ ಅಲ್ಲಿಗೇ ಬದಲಾಯಿಸಬಹುದು."

"ಸರಿ. ಮಾತಾಡೋದು ನಾನು. ನೀನು ಫೈಲ್ ಹಿಡ್ಕೊಂಡು ಬಾಯಿ ಮುಚ್ಕೊಂಡಿರು."

ಗುರುವಾರ, ಬೆಳಗ್ಗೆ ಹತ್ತೂವರೆಗೆ ಆ ಬ್ಯಾಂಕಿಗೆ.