ರಿಜಿಸ್ಟರಿನ ಮೊದಲ ಹೆಸರು

ವಾದಿ ಅದಾಯ್, ಮಸ್ಕತ್
12-4-1993

ದೇಜಪ್ಪಣ್ಣನಿಗೆ ಕೊಗ್ಗ ಮಾಡುವ ನಮಸ್ಕಾರ.

ಊರು ಸುಖವಾಗಿ ಮುಟ್ಟಿದಿರಾ? ಬೆನ್ನುನೋವು ಹೇಗಿದೆ? ಇದರೊಟ್ಟಿಗೆ ಒಂದು ಕಾಗದ ಇಟ್ಟಿದ್ದೇನೆ, ದಯಮಾಡಿ ಸಹಿ ಹಾಕಿ.

ಕಂಪನಿಗಳ ಪರವಾಗಿ ಯಾರು ಯಾವ ಅಧಿಕಾರಿಯನ್ನು ಕಂಡರು, ಏನು ಕೇಳಿದರು ಅಂತ ಬರೆಯಲು ಕಂಪನಿಗಳ ಸಂಘದವರೇ ಇಟ್ಟ ರಿಜಿಸ್ಟರು ಉಂಟಲ್ಲ, ಯಾರು ಬೇಕಾದರೂ ತೆರೆದು ನೋಡಬಹುದಾದದ್ದು, ಅದರ ವಿಷಯ. ನಮ್ಮ ಕಂಪನಿಯ ಪರವಾಗಿ ಅಧಿಕಾರಿಯ ಮನೆಗೆ ಹೋಗಿ ಲೇಬರ್ ನಿಯಮ ಸಡಿಲಿಸಿ ಎಂದು ಕೇಳಿದ್ದು ನಾನು. ಡ್ರೈವರಾದ ನೀವು ಕಾರಿನಿಂದ ಇಳಿಯಲೇ ಇಲ್ಲ. ಆದರೆ ಬರೆಯುವಾಗ, ಹಿರಿಯರ ಹೆಸರಿನ ಮೇಲೆ ನನ್ನದು ಹೇಗೆ ಬರೆಯುವುದು ಅಂತ ನಿಮ್ಮದನ್ನು ಮೊದಲು ಬರೆದೆ, ಮದುವೆ ಕಾಗದದಲ್ಲಿ ಬರೆದ ಹಾಗೆ. ಮೊದಲ ಹೆಸರಿನವನೇ ಮಾತಾಡಿದವನು ಎಂದು ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಮಾತಾಡುವುದು ಸಂಘದ ನಿಯಮಕ್ಕೆ ವಿರುದ್ಧವಂತೆ. ನಿಮ್ಮ ವೀಸಾ ರದ್ದಾಯಿತು.

ನಿಜ ಹೇಳಲು ನಾನು ಬಾಯಿ ತೆರೆಯುವಾಗ "ಸುಮ್ಮನಿರು ಮಾರಾಯ, ನಿನ್ನ ಮಕ್ಕಳದ್ದು ಶಾಲೆ ಉಂಟು" ಎಂದಿರಿ. ನಾನು ಸುಮ್ಮನಾದೆ.

ಅಲ್ ಖುವೈರಿನ ಸಂಘದ ಕಚೇರಿಯಲ್ಲಿ ರಿಜಿಸ್ಟರು ನೋಡಿಕೊಳ್ಳುವ ಶ್ರೀನಿವಾಸಮೂರ್ತಿಯವರನ್ನು ಕೇಳಿದೆ. "ತಿದ್ದಬೇಕಾದ್ರೆ ಇಬ್ಬರ ಸಹೀನೂ ಬೇಕು ಕಣಯ್ಯ, ಮೇ ಕೊನೆಯೊಳಗೆ" ಎಂದರು. ಅದು ದಾಟಿದರೆ ನಿಮ್ಮ ಹೆಸರು ಹಾಗೆಯೇ ಉಳಿಯುತ್ತದೆ, ಇಲ್ಲಿನ ಯಾವ ಕಂಪನಿಯೂ ನಿಮ್ಮನ್ನು ಕರೆಯುವುದಿಲ್ಲ.

ನನ್ನ ಸಹಿ ಆಗಿದೆ. ತಿದ್ದಿದ ಮೇಲೆ ಹೋಗುವುದು ನನ್ನ ವೀಸಾ. ಹೆಂಡತಿ ಅಪ್ಪಿಗೆ ಇನ್ನೂ ಹೇಳಿಲ್ಲ, ಅವಳು ಮಕ್ಕಳ ಹೊಸ ಯೂನಿಫಾರ್ಮಿಗೆ ಗುಂಡಿ ಹಾಕುತ್ತಿದ್ದಾಳೆ.

ಕಾಗದವನ್ನು ನನಗೆ ಕಳಿಸಬೇಡಿ ಅಣ್ಣ, ನೇರ ಸಂಘದ ವಿಳಾಸಕ್ಕೆ ಹಾಕಿ. ನನ್ನ ಕೈಗೆ ಬಂದರೆ ಕೊಂಡುಹೋಗಿ ಕೊಡುವ ಧೈರ್ಯ ಇರುತ್ತದೋ ಇಲ್ಲವೋ.

ನೀವು ಕರೆತಂದ
ಕೊಗ್ಗ